ನನ್ನ ರಾಜೀನಾಮೆಯನ್ನು ನಾನೇ ಸ್ವೀಕರಿಸಿ ಕೂತಿದ್ದೇನೆ

ಸಂಘ-ಸಂಸ್ಥೆಗಳ ನೋಂದಣಿ ನೋಡಿಕೊಳ್ಳುವ ಮಾನ್ಯರೇ,

ನಮ್ಮೂರ ಸ್ನೇಹಕೂಟದ ಕಾರ್ಯದರ್ಶಿ ಹುದ್ದೆಯಿಂದ ನನ್ನನ್ನು ಬಿಡಿಸಿ. ಇದು ಮನವಿಯಲ್ಲ, ಮನವಿಗಳನ್ನೆಲ್ಲ ಕೊಟ್ಟು ಮುಗಿಸಿದ್ದೇನೆ, ಅವು ತಮ್ಮ ಕಚೇರಿಯಲ್ಲಿ ಸುಖವಾಗಿ ಮಲಗಿವೆ. ಮುಚ್ಚಿದ ಲಕೋಟೆ ತೆರೆಯಲು ತಮಗೆ ಪುರುಸೊತ್ತಿಲ್ಲ ಎಂದು ಗೊತ್ತಾದ ಮೇಲೆ ಊರೆಲ್ಲ ಓದುವಂತೆ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ. ಸಂಘದ ಒಳಗೆ ಹೋಗುವುದಕ್ಕೆ ತಮ್ಮ ಕಾಯಿದೆಯಲ್ಲಿ ಬೇಕಾದಷ್ಟು ಬಾಗಿಲುಗಳಿವೆ. ಹೊರಗೆ ಬರುವುದಕ್ಕೆ ಒಂದು ಕಿಂಡಿಯಾದರೂ ಬೇಡವೇ?

ನನ್ನದು ಫೋಟೊ ಸ್ಟುಡಿಯೊ. ಹೆಂಡತಿ ನರ್ಸ್. ಕಳೆದ ವರ್ಷ ಅವಳಿಗೆ ದೂರದ ಊರಿನ ಆಸ್ಪತ್ರೆಗೆ ವರ್ಗವಾಯಿತು. ಮಗಳನ್ನು ಕರೆದುಕೊಂಡು ಅವಳು ಮುಂದೆ ಹೋಗುವುದು, ಕೂಟದ ಕೆಲಸ ಬೇರೆಯವರಿಗೆ ಒಪ್ಪಿಸಿ ನಾನು ಹಿಂದಿನಿಂದ ಹೋಗುವುದು ಎಂದು ಮಾತಾಗಿತ್ತು. ಸ್ಟುಡಿಯೊದ ಪರದೆ, ದೀಪಗಳು, ಮಕ್ಕಳನ್ನು ಕೂರಿಸುವ ಎತ್ತರದ ಸ್ಟೂಲು, ಎಲ್ಲವೂ ಅವಳ ಸಾಮಾನಿನ ಲಾರಿಯಲ್ಲೇ ಹೋದವು. ಉಳಿದವನು ನಾನೊಬ್ಬ. ಈಗ ಗಿರಾಕಿ ಬಂದರೆ ಬರೀ ಗೋಡೆಗೆ ನಿಲ್ಲಿಸಿ, ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆಯುತ್ತೇನೆ. ಮನೆಗೆ ಹೋದರೆ ಅಲ್ಲಿಯೂ ಬರೀ ಗೋಡೆ.

ಸ್ನೇಹಕೂಟ ಎಂದರೆ ಏನೆಂದು ತಮಗೆ ಗೊತ್ತಿರಲಿಕ್ಕಿಲ್ಲ, ತಾವು ಅದಕ್ಕೆ ಮೊಹರು ಒತ್ತಿದವರು ಮಾತ್ರ. ಒಂದು ದೊಡ್ಡ ಹಾಲ್, ಪಕ್ಕದಲ್ಲಿ ಎರಡು ಕೋಣೆ, ಮುಂದೆ ಜಗಲಿ. ಬೆಳಿಗ್ಗೆ ಹಾಲ್‌ನಲ್ಲಿ ನಗೆಕೂಟದವರು ಕೈ ಮೇಲೆತ್ತಿ ಹೊಟ್ಟೆ ಹಿಡಿದು ನಗುತ್ತಾರೆ. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಧ್ಯಾನದವರು ಕಣ್ಣು ಮುಚ್ಚಿ ಕೂತಿರುತ್ತಾರೆ. ನಗುವವರು ಜೋರಾಗಿ ನಗುತ್ತಾರೆಂದು ಧ್ಯಾನದವರು ಸಿಟ್ಟಿನಿಂದ ಕೆಂಪಾಗಿ ನನ್ನ ಬಳಿ ಬರುತ್ತಾರೆ. ಧ್ಯಾನದವರು ಬಂದು ಗದರಿಸುತ್ತಾರೆಂದು ನಗುವವರು ಅಳುಮೋರೆ ಹಾಕಿಕೊಂಡು ಬರುತ್ತಾರೆ. ಮಧ್ಯಾಹ್ನ ಹೊಲಿಗೆ ಕಲಿಯುವ ಹೆಂಗಸರು, ಸಂಜೆ ಚೆಸ್ ಆಡುವವರು. ಇಬ್ಬರಿಗೂ ಬೇಕಾದದ್ದು ಫ್ಯಾನಿನ ಕೆಳಗಿನ ಅದೇ ಮೇಜು. ಇವರೆಲ್ಲರ ಜಗಳ ಬಿಡಿಸುವವನು, ಬಾಗಿಲು ತೆಗೆಯುವವನು, ಕುರ್ಚಿ ಎಣಿಸುವವನು, ಟ್ಯಾಂಕಿಗೆ ನೀರು ಬಿಡುವವನು ಕಾರ್ಯದರ್ಶಿ. ಅಧ್ಯಕ್ಷರೊಬ್ಬರು ಇದ್ದರು, ತೀರಿಕೊಂಡರು. ಅವರಿಗಾದರೂ ಬಿಡುಗಡೆಯಾಯಿತು!

ನಮ್ಮ ಕೂಟದಲ್ಲೊಂದು ಪದ್ಧತಿಯಿದೆ, ತಾವೇ ಒಪ್ಪಿದ ನಿಯಮಾವಳಿಯಲ್ಲೂ ಅದು ಅಚ್ಚಾಗಿದೆ. ವಾರ್ಷಿಕ ಸಭೆಯಲ್ಲಿ ಹಳೆಯ ಕಾರ್ಯದರ್ಶಿ ಎದುರಿಗಿರುವವರಲ್ಲಿ ಒಬ್ಬರ ಹೆಸರು ಹೇಳಬೇಕು, ಅವರೇ ಮುಂದಿನ ಕಾರ್ಯದರ್ಶಿ. ಹೆಸರು ಹೇಳಿಸಿಕೊಂಡವರು ಒಲ್ಲೆ ಎನ್ನುವಂತಿಲ್ಲ. ನಾನು ಸಿಕ್ಕಿಬಿದ್ದದ್ದು ಹೇಗೆ ಗೊತ್ತೇ? ಆ ದಿನ ಗ್ರೂಪ್ ಫೋಟೊ ತೆಗೆಯಲು ಹೋಗಿದ್ದೆ. ಕ್ಯಾಮೆರಾದ ಹಿಂದೆ ಬಗ್ಗಿ ನಿಂತಿದ್ದೆ. ಆಗಿನ ಕಾರ್ಯದರ್ಶಿ, ಮರದ ಡಿಪೊದವರು, ಸುತ್ತಲೂ ಕಣ್ಣಾಡಿಸಿ "ಫೋಟೊದವರು" ಎಂದುಬಿಟ್ಟರು. "ಸಾರ್, ನಾನು ಮೆಂಬರೇ ಅಲ್ಲ" ಎಂದೆ. "ಅದಕ್ಕೇನಂತೆ, ಈಗ್ಲೇ ಮಾಡ್ಕೊಂಡ್ರಾಯ್ತು" ಎಂದರು. ಮಾಡಿಕೊಂಡರು. ಈಗ ಅವರು ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಾರೆ.

ನನ್ನ ಸರದಿ ಬಂದಾಗ ವಾರ್ಷಿಕ ಸಭೆ ಕರೆದೆ. ಒಬ್ಬರೂ ಬರಲಿಲ್ಲ. ಬಂದವರ ಹೆಸರು ತಾನೇ ಹೇಳಬೇಕು? ಬರದಿದ್ದರೆ ಕ್ಷೇಮ. ದಿನವೂ ನಗುತ್ತಿದ್ದವರಿಗೆ ಸೊಂಟ ಹಿಡಿದಿತ್ತು, ಹೊಲಿಗೆಯವರ ಮನೆಗೆ ನೆಂಟರು ಬಂದಿದ್ದರು, ಚೆಸ್ಸಿನವರ ಮನೆಯಲ್ಲಿ ಬಾಗಿಲೇ ತೆರೆಯಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲರೂ ಗುಂಡುಕಲ್ಲಿನ ಹಾಗೆ ಬಂದು "ಬಾಗಿಲು ತೆಗೀರಿ, ಹೊತ್ತಾಯ್ತು" ಎಂದರು. ಮತ್ತೆ ಕರೆದೆ, ಮತ್ತೆ ಖಾಲಿ ಕುರ್ಚಿಗಳು.

ಆಗ ತಮ್ಮ ಕಚೇರಿಗೆ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ತಮ್ಮ ಗುಮಾಸ್ತರು ಬಲು ಸಜ್ಜನರು.

"ರಾಜೀನಾಮೆ ನಮಗೆ ಕೊಡೋ ಹಾಗಿಲ್ಲ ಸಾರ್. ಸಂಘದ ಕಾರ್ಯದರ್ಶಿಗೆ ಕೊಡ್ಬೇಕು."

"ಕಾರ್ಯದರ್ಶಿ ನಾನೇ."

"ಸುಲಭ ಆಯ್ತಲ್ಲ ಮತ್ತೆ! ನೀವೇ ತಗೊಂಡು, ಸಭೆ ಮುಂದೆ ಇಡಿ."

"ಸಭೆಗೆ ಯಾರೂ ಬರ್ತಿಲ್ಲ."

"ಅದು ನಿಮ್ಮ ಸಂಘದ ಒಳಗಿನ ವಿಷ್ಯ ಸಾರ್."

ಮನೆಗೆ ಬಂದು ರಾಜೀನಾಮೆ ಬರೆದೆ, ನನಗೇ ಕೊಟ್ಟೆ, ಸ್ವೀಕರಿಸಿದ್ದೇನೆಂದು ಸಹಿ ಮಾಡಿ ಮೊಹರು ಹಾಕಿದೆ. ನಗು ಬರುತ್ತದೆಯೇ? ನನಗೂ ಬಂತು. ಆಮೇಲೆ ನಿದ್ದೆ ಬರಲಿಲ್ಲ.

ಕೊನೆಗೊಂದು ಉಪಾಯ ಹೂಡಿದೆ. ಸಭೆ ಎಂಬ ಮಾತನ್ನೇ ಎತ್ತದೆ, ಭಾನುವಾರ ಸದಸ್ಯರೆಲ್ಲರಿಗೂ ಪುಕ್ಕಟೆ ಫೋಟೊ ಎಂದು ಬೋರ್ಡು ಬರೆದೆ. ಊರಿಗೆ ಊರೇ ಇಸ್ತ್ರಿ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು ಬಂತು. ಎಲ್ಲರನ್ನೂ ಹಾಲ್‌ನಲ್ಲಿ ಸಾಲಾಗಿ ಕೂರಿಸಿ, ಬಾಗಿಲಿಗೆ ಅಗುಳಿ ಹಾಕಿ, "ವಾರ್ಷಿಕ ಸಭೆ ಈಗ ಶುರುವಾಗಿದೆ" ಎಂದೆ. ಅವರ ಮುಖ ನೋಡಬೇಕಿತ್ತು ತಾವು. ನಗೆಕೂಟದ ಮುಖಂಡರಾದ ಹಲ್ಲಿನ ಡಾಕ್ಟರ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅವರೇ ಎದ್ದು ನಿಂತರು.

"ಒಂದ್ನಿಮಿಷ. ಇಂಥ ಕಾರ್ಯದರ್ಶಿ ನಮಗೆ ಇನ್ನೆಲ್ಲಿ ಸಿಗ್ತಾರೆ ಹೇಳಿ? ಇವ್ರನ್ನೇ ಆಜೀವ ಕಾರ್ಯದರ್ಶಿ ಮಾಡ್ಬಿಡೋಣ!"

ಧ್ಯಾನದವರು ಅನುಮೋದಿಸಿದರು. ಹೊಲಿಗೆಯವರೂ ಚೆಸ್ಸಿನವರೂ ಮೊದಲ ಬಾರಿ ಒಂದೇ ಮಾತಿಗೆ ಕೈ ಎತ್ತಿದರು. ನನ್ನ ಮಾತು ಚಪ್ಪಾಳೆಯಲ್ಲಿ ಮುಳುಗಿಹೋಯಿತು. ಆಮೇಲೆ "ಫೋಟೊ ತೆಗೀರಿ ಈಗ" ಎಂದರು. ತೆಗೆದೆ. ನಗೆಕೂಟದವರು ನಿಜವಾಗಿ ನಕ್ಕಿರುವ ಫೋಟೊ ಅದೊಂದೇ.

ನನ್ನ ಒಂದು ಅರ್ಜಿಗೂ ಉತ್ತರ ಬರೆಯದ ತಾವು ಅವರೆಲ್ಲ ಸಹಿ ಹಾಕಿ ಕಳಿಸಿದ ಈ ಠರಾವನ್ನು ವಾರದೊಳಗೆ ಒಪ್ಪಿ, ಅಭಿನಂದನೆಯನ್ನೂ ಸೇರಿಸಿ ಕಳಿಸಿದಿರಿ. ಸ್ವಾಮಿ, ಜೀವ ನನ್ನದಲ್ಲವೇ? "ಈತನಿಗೆ ಒಪ್ಪಿಗೆಯಿದೆಯೇ" ಎಂಬ ಒಂದು ಸಾಲಿನ ಪ್ರಶ್ನೆ ಕೇಳಲು ತಮ್ಮ ಶಾಯಿ ಮುಗಿದಿತ್ತೇ?

ಬೀಗ ಹಾಕಿ ಬಸ್ಸು ಹತ್ತಬಾರದೇ ಎಂದು ತಾವು ಕೇಳಬಹುದು. ಹೊರಟಿದ್ದೆ. ಬ್ಯಾಗು ಹೆಗಲಿಗೇರಿಸಿ ಹಾಲ್‌ಗೆ ಬೀಗ ಹಾಕುವಾಗ ಜಗಲಿಯ ಮೇಲೆ ನಿವೃತ್ತ ಕಂಡಕ್ಟರು ಕೂತಿದ್ದರು. ಅವರು ಯಾವ ಕೂಟಕ್ಕೂ ಸೇರಿದವರಲ್ಲ. ಬೆಳಗಿನಿಂದ ಸಂಜೆಯವರೆಗೆ ಸುಮ್ಮನೆ ಕೂತಿರುತ್ತಾರೆ. ಮನೆಯಲ್ಲಿ ಅವರೊಡನೆ ಮಾತಾಡುವವರಿಲ್ಲ. "ನಾಳೆ ತೆಗೀತೀರಲ್ಲಪ್ಪಾ?" ಎಂದು ಕೇಳಿದರು. "ತೆಗೀತೀನಿ" ಎಂದುಬಿಟ್ಟೆ. ಬಾಯಿ ನನ್ನದೇ, ಮಾತು ಯಾರದೋ. ಬ್ಯಾಗು ಹೊತ್ತುಕೊಂಡು ಮನೆಗೆ ವಾಪಸು ಬಂದೆ. ಆ ಮುದುಕರ ಮೇಲೆ ನನಗೆ ಸಿಟ್ಟಿಲ್ಲ. ಅವರೊಬ್ಬರನ್ನು ಬಾಗಿಲ ಹೊರಗೆ ನಿಲ್ಲಿಸಿ ಹೋಗಲು ಮನಸ್ಸು ಬರುವುದಿಲ್ಲ, ಅಷ್ಟೆ. ಕೈ ಬದಲಾದರೆ ಬಾಗಿಲು ತೆರೆದೇ ಇರುತ್ತದೆ. ಆ ಬದಲಾಗುವ ಕೈಯೊಂದನ್ನೇ ನಾನು ಕೇಳುತ್ತಿರುವುದು.

ಹೆಂಡತಿ ಮೊದಮೊದಲು ದಿನವೂ "ಯಾವಾಗ ಬರ್ತೀರಿ?" ಎನ್ನುತ್ತಿದ್ದಳು. ಈಗ "ಊಟ ಆಯ್ತಾ?" ಎಂದಷ್ಟೇ ಕೇಳುತ್ತಾಳೆ. ಜಗಳವಾಡುವುದನ್ನೂ ಬಿಟ್ಟಿದ್ದಾಳೆ. ಅದೇ ನನಗೆ ಭಯ. ಮೊನ್ನೆ ಫೋನಿನಲ್ಲಿ ಮಾತ್ರ ಬೇರೆಯೇ ಸುದ್ದಿ ಹೇಳಿದಳು. ಮಗಳ ಹೊಸ ಶಾಲೆಯ ಟೀಚರು ಮಕ್ಕಳನ್ನೆಲ್ಲ ಅಪ್ಪ ಏನು ಮಾಡುತ್ತಾರೆಂದು ಕೇಳುತ್ತಿದ್ದರಂತೆ. ಇವಳು ಎದ್ದು ನಿಂತು, "ನಮ್ಮಪ್ಪಂಗೆ ಬರೋಕಾಗಲ್ಲ ಮಿಸ್, ಅವ್ರನ್ನ ಬಿಡ್ತಿಲ್ಲ" ಎಂದಳಂತೆ. ಸಂಜೆ ಗೇಟಿನ ಹತ್ತಿರ ಟೀಚರು ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು, ಯಾರಿಗೂ ಕೇಳದ ಹಾಗೆ, "ತಪ್ಪು ತಿಳ್ಕೋಬೇಡಿ, ಎಷ್ಟು ವರ್ಷ ಆಗಿದೆ ಶಿಕ್ಷೆ?" ಎಂದರಂತೆ.

"ನೀವೇನು ಹೇಳಿದ್ರಿ?" ಎಂದು ನಗಲು ನೋಡಿದೆ, ಅವಳನ್ನು ಬಹುವಚನದಲ್ಲಿ ಕರೆದು.

"ಏನೂ ಹೇಳ್ಲಿಲ್ಲ ರೀ. ನಂಗೂ ಗೊತ್ತಿಲ್ವಲ್ಲ" ಎಂದಳು.

ಮಾನ್ಯರೇ, ಸಂಘದ ಹಿತಕ್ಕೆ ವಿರುದ್ಧವಾಗಿ ನಡೆದ ಕಾರ್ಯದರ್ಶಿಯನ್ನು ವಜಾ ಮಾಡುವ ಅಧಿಕಾರ ತಮಗಿದೆಯಂತೆ. ನನ್ನನ್ನು ವಜಾ ಮಾಡಿ. ಪುಕ್ಕಟೆ ಫೋಟೊ ಎಂದು ಸುಳ್ಳು ಹೇಳಿ ಸದಸ್ಯರನ್ನು ಕೂಡಿಹಾಕಿದ್ದೇನೆ. ಅಷ್ಟು ಸಾಲದಿದ್ದರೆ ಇನ್ನೇನು ಬೇಕೋ ತಾವೇ ಬರೆದುಕೊಳ್ಳಿ, ಕಣ್ಣು ಮುಚ್ಚಿ ಸಹಿ ಹಾಕುತ್ತೇನೆ. ಒಳ್ಳೆಯ ಹೆಸರಿಟ್ಟುಕೊಂಡು ಹೊರಗೆ ಬರಲಾಗದಿದ್ದರೆ ಕೆಟ್ಟ ಹೆಸರು ಹೊತ್ತುಕೊಂಡಾದರೂ ಬರುತ್ತೇನೆ. ಅದೂ ಆಗುವುದಿಲ್ಲವೆಂದರೆ ನನಗೆ ಉತ್ತರ ಬೇಡ. ಆ ಟೀಚರಿಗೆ ಬರೆಯಿರಿ. ಅವರು ಕೇಳಿದ್ದು ಸರಿಯಾದ ಪ್ರಶ್ನೆ, ಎಷ್ಟು ವರ್ಷ ಎಂದು ತಿಳಿಸಿ.

ಇಂತಿ,
ತಮ್ಮ ಅಭಿನಂದನೆಗೆ ಪಾತ್ರನಾದ,
ಒಲ್ಲದ ಆಜೀವ ಕಾರ್ಯದರ್ಶಿ