ಕ್ಷಮಾವಾಣಿಯ ದಿನ ಬಂದ ಬ್ರಿಗೇಡಿಯರ್

೮-೯-೧೯೭೮, ಬೆಳಿಗ್ಗೆ

ಅಭಿಷೇಕ ಮುಗಿಸಿ ಬಸದಿಯಿಂದ ಮರಳಿದೆ. ದಶಲಕ್ಷಣ ಪರ್ವ; ಹತ್ತು ದಿನವೂ ಏಕಭುಕ್ತ, ಒಂದೇ ಊಟ. ಮಗ ಪದ್ಮಾಕರ ಇಂಗ್ಲಿಷ್ ಟೈಪ್ ಹಾಳೆಗಳನ್ನು ತಂದಿಟ್ಟ — ಬ್ರಿಗೇಡಿಯರ್ ಪೆಲ್ಹ್ಯಾಮನ ಸೇವಾಚರಿತ್ರೆ. ಎಂಬತ್ತರ ಮುದುಕ ವಿಲಾಯತಿಯಿಂದ ಬೆಳಗಾವಿ ನೋಡಲು ಬರುತ್ತಾನಂತೆ. ಸತ್ಕಾರಸಭೆಗೆ ನಾನು ಕನ್ನಡಿಸಬೇಕಂತೆ. ನನ್ನನ್ನು ಕೇಳದೆಯೇ ಮಾತು ಕೊಟ್ಟಿದ್ದಾನೆ.

ಹೆಸರು ಓದಿದೊಡನೆ ಎದ್ದುಹೋಗಿ ಕೈ ತೊಳೆದು ಬಂದೆ.

೧೧-೯, ಸತ್ಯಧರ್ಮದ ದಿನ

ಫ್ರಾನ್ಸ್, ವಜೀರಿಸ್ತಾನ, ಬರ್ಮಾ... ಪದಕಗಳ ಮೇಲೆ ಪದಕ. ೧೯೪೨ಕ್ಕೆ ಒಂದೇ ವಾಕ್ಯ — ಖಾನಾಪುರ ಪ್ರಾಂತದಲ್ಲಿ ಶಾಂತಿಯನ್ನು ನೆಲೆಗೊಳಿಸಿದರು.

ಆ ಶಾಂತಿಯನ್ನು ಕಣ್ಣಾರೆ ಕಂಡವನು ನಾನು. ಚಳವಳಿಯಲ್ಲಿ ಟೆಲಿಗ್ರಾಫ್ ತಂತಿ ಕಡಿದವರ ಹೆಸರು ಹೇಳದ ನನ್ನ ಅಣ್ಣನನ್ನು ಕಂಬಕ್ಕೆ ಬಿಗಿಸಿ, ಕೈಗಡಿಯಾರ ನೋಡುತ್ತ ಹೊಡೆಸಿದ ಕರ್ನಲ್ ಇವನೇ. ಮೂರನೆಯ ದಿನ ಅಣ್ಣ ತೀರಿಕೊಂಡ.

ಆ ವಾಕ್ಯದ ಸ್ಥಾನದಲ್ಲಿ ನಡೆದುದನ್ನೇ ಬರೆದೆ. ಹೊಡೆಸಿದವನು ಇವನೇ ಎಂದು ಪದ್ಮಾಕರನಿಗೆ ತಿಳಿದದ್ದು ಅದನ್ನು ಓದಿದಾಗಲೇ. ಆದರೂ ಆ ಭಾಗ ತೆಗೆಯಿರೆಂದು ಗೋಗರೆದ.

“ಅಳಸಾಕ ನಾ ಬರದಿಲ್ಲ” ಎಂದೆ.

೧೭-೯, ಕ್ಷಮಾವಾಣಿ

ಬೇರೆ ಯಾರಿಂದಲೋ ಬರೆಸಿದರು. ಸಭೆ ನಿನ್ನೆ ಮುಗಿಯಿತು. ಹೋಗಲಿಲ್ಲ.

ಇಂದು ಪರಸ್ಪರ ಕ್ಷಮೆ ಬೇಡುವ ದಿನ. ಬೇಡಿದವರಿಗೆ ಇಲ್ಲವೆನ್ನಲಾಗದೆಂಬುದು ಮೂವತ್ತು ವರ್ಷ ಬಸದಿಯಲ್ಲಿ ನಾನೇ ಬೋಧಿಸಿದ ನಿಯಮ. ಅದನ್ನು ನಂಬಿ ಪದ್ಮಾಕರ ಪೆಲ್ಹ್ಯಾಮನಿಗೆ ದೊಡ್ಡಪ್ಪನ ವಿಷಯ ತಿಳಿಸಿ ಮನೆಗೇ ಕರೆತಂದ. ಕಲಿಸಿದ ಕನ್ನಡ ವಾಕ್ಯವನ್ನು ಮುದುಕ ಕೈಮುಗಿದು ಒಪ್ಪಿಸಿದ — ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿರಿ. ಹಾಲಿನವನೂ ಬೆಳಿಗ್ಗೆ ಇದನ್ನೇ ಹೇಳಿ ಹೋಗಿದ್ದ.

ಒಳಗಿನಿಂದ ವೈನಿ ಬಂದರು. ರಾಜಮತಿ ವೈನಿ, ಅಣ್ಣನ ಹೆಂಡತಿ.

“ತಿಳೀಲಾರದ ಅಂತ ಯಾಕ ಸೇರಸ್ತಾನ? ಹೊಡಸೂಮುಂದ ಗೊತ್ತಿದ್ದಿಲ್ಲೇನು? ಕೇಳೋ ಪದ್ಮಾಕರ.”

ಪದ್ಮಾಕರ ಕೇಳಿದ. ಆ ವರ್ಷ ಅನೇಕರನ್ನು ಶಿಕ್ಷಿಸಬೇಕಾಯಿತು, ಯಾರು ಯಾರೆಂದು ನೆನಪಿಲ್ಲ — ಮುದುಕನ ಉತ್ತರ.

“ಹಂಗಾರ ನೆನಪಾದ ಮ್ಯಾಲೆ ಬಾ ಅನ್ನು.”

ಪದ್ಮಾಕರ ತಲೆ ತಗ್ಗಿಸಿದ, ಅನುವಾದಿಸಲಿಲ್ಲ. ನಾನು ಅನುವಾದಿಸಿದೆ, ಒಂದಕ್ಷರ ಬಿಡದೆ. ಮುದುಕ ಮುಗಿದ ಕೈ ಇಳಿಸಿದ. ತೀರಿಕೊಂಡವನ ಹೆಸರೇನೆಂದು ಕೇಳಿದ.

ಭೂಪಾಲ ಎಂದೆ. ಅವನ ನಾಲಿಗೆ ಹೊರಳಲಿಲ್ಲ. ಮತ್ತೆ ಹೇಳಿಸಿದೆ. ವೈನಿ ನಿಂತೇ ಇದ್ದರು. ಮೂರನೆಯ ಬಾರಿಗೆ ಸರಿಯಾಗಿ ಬಂತು. ಆ ಹೆಸರು ಹಿಡಿದು, ತನ್ನ ಭಾಷೆಯಲ್ಲೇ, ಪುನಃ ಕ್ಷಮೆ ಬೇಡಿದ. ಈ ಸಲ ‘ತಿಳಿಯದೆ’ ಎನ್ನಲಿಲ್ಲ.

ಧರ್ಮ ಬಲ್ಲೆ. ಆಡಬೇಕಾದ ಮಾತೂ ಬಲ್ಲೆ. ವೈನಿಯತ್ತ ನೋಡಿದೆ. ಅವರು ನನ್ನತ್ತ ನೋಡುತ್ತಿದ್ದರು. ಬಾಯಿ ತೆರೆದೆ, ಆದರೆ ಕ್ಷಮಿಸಿದೆನೆನ್ನಲಿಲ್ಲ; ಆ ಮಾತು ವೈನಿಯದು, ಅವರನ್ನೇ ಬೇಡು ಎಂದು ಇಂಗ್ಲಿಷಿನಲ್ಲಿ ಹೇಳಿ ಪಕ್ಕಕ್ಕೆ ಸರಿದೆ.