ಮೂರನೆಯ ಕುರ್ಚಿ

ಜೂನ್ 12, ಬುಧವಾರ. ಕೊಲ್ಹಾಪುರ

ಇಂದು ಅವ್ವನಿಗೆ ನಾಲ್ಕು ಸಲ ಕ್ಯಾನ್ಸರ್ ಆಯಿತು. ನಾಲ್ಕು ಸಲವೂ ನಾನು ಅತ್ತೆ. ಕೊನೆಯ ಸಲ ಕಣ್ಣೀರು ಬರಲಿಲ್ಲ, ಓಢಣಿ ಅಡ್ಡ ಹಿಡಿದೆ.

ಇದೇ ನನ್ನ ಕೆಲಸ. ಕಲಿಯುವ ಡಾಕ್ಟರರ ಮುಂದೆ ರೋಗಿಯ ಮಗಳಾಗಿ ಕೂರುವುದು. ಕೆಟ್ಟ ಸುದ್ದಿ ಹೇಗೆ ಹೇಳಬೇಕೆಂದು ಅವರು ನನ್ನ ಮೇಲೆ ಕಲಿಯುತ್ತಾರೆ. ಹೇಗಿತ್ತೆಂದು ಆಮೇಲೆ ನಾನು ಹೇಳಬೇಕು. ಹತ್ತನೇ ಪರೀಕ್ಷೆಗೇ ಕೂರದವಳು ಎಂಬಿಬಿಎಸ್ ಮುಗಿಸಿದವರಿಗೆ ಮಾರ್ಕ್ಸ್ ಕೊಡುವುದು! ಪಾರ್ಲರ್ ಬಿಟ್ಟೆ, ಮೊಬೈಲ್ ಅಂಗಡಿ ಬಿಟ್ಟೆ — ಎರಡೂ ಕಡೆ ಇದ್ದದ್ದು ಇದ್ದಂತೆ ಹೇಳಿ. ಇಲ್ಲಿ ಅದೇ ಬೇಕೆಂದು ಪಾಠ ಮಾಡುವ ಅಲಕಾ ಮೇಡಂ ಇಟ್ಟುಕೊಂಡಿದ್ದಾರೆ.

ದತ್ತವಾಡದ ಡಾ. ಶ್ರೇಣಿಕ ಇಂದು ಎಲ್ಲರಿಗಿಂತ ಕೆಟ್ಟ. ನಿಂತೇ ಹೇಳಿದ. ಕಣ್ಣು ಮೊಬೈಲಿನ ಮೇಲೆ.

"ಹೆಂಗಿತ್ತ್ರಿ?"

"ಇಚಲಕರಂಜಿ ಬಸ್ ಕ್ಯಾನ್ಸಲ್ ಆಗೇತಿ ಅಂದಂಗ ಇತ್ತ್ರಿ."

ಎಲ್ಲರೂ ನಕ್ಕರು. ಅವನ ಕಿವಿ ಕೆಂಪಾಯಿತು. "ಹಂಗಾರ ಹೆಂಗ ಹೇಳಬೇಕ, ನೀವ ಹೇಳ್ರಿ."

"ಚಲೋ ಸುದ್ದಿ ಇದ್ರ ನಿಂತ ಹೇಳ್ರಿ, ಬಾಗಲದಾಗಿಂದ ಒದರಿ ಹೇಳ್ರಿ. ಕೆಟ್ಟದ್ದಿದ್ರ ಮೊಬೈಲ್ ಬಂದ್ ಮಾಡಿ ಕಪಾಟಿನ್ಯಾಗ ಇಡ್ರಿ, ಕುರ್ಚಿ ಎಳಕೊಂಡ ಕೂಡ್ರಿ. ಮತ್ತ ಇಲ್ಲಿ ಎರಡ ಕುರ್ಚಿ ಯಾಕ್ರಿ? ಬ್ಯಾನಿ ಬಂದಾಕಿ ಎಲ್ಲಿ? ಅಕಿನ್ನ ಹೊರಗ ಕುಂಡ್ರಿಸಿ ಮಗಳಿಗಷ್ಟ ಹೇಳೂದೇನು? ಅಕಿ ಮೈ ಅದು."

ಮೇಡಂ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು — ಮೂರು ಕುರ್ಚಿ. "ಪುನ್ಹಾ ಕರಾ," ಎಂದರು. ಮತ್ತೊಮ್ಮೆ ಮಾಡಿಸಿದರು. ಅದೇ ನಾಲ್ಕನೆಯದು.

ಜೂನ್ 19

ಇಂದು ಮಿಶ್ರಿಯ ವಿಷಯ ನಾನೇ ಎತ್ತಿದೆ. ತಂಬಾಕಿನ ಚಟ ಇದೆಯಾ ಎಂದು ಈ ಡಾಕ್ಟರರು ಹೆಂಗಸರನ್ನು ಕೇಳುತ್ತಾರೆ. ಅವರು ಇಲ್ಲ ಅನ್ನುತ್ತಾರೆ. ಇವರು ಇಲ್ಲ ಎಂದು ಬರೆದುಕೊಳ್ಳುತ್ತಾರೆ.

"ತಂಬಾಕ ಅಂದ್ರ ಗಂಡಸರ ಚಟಾರಿ. ಮಿಶ್ರಿ ಅಂದ್ರ ಹಲ್ಲ ತಿಕ್ಕೂದು. ಅದು ಸುಟ್ಟ ತಂಬಾಕಿನ ಪುಡಿ ಅಂತ ಯಾರ ವಿಚಾರ ಮಾಡ್ತಾರ? 'ಹಲ್ಲಿಗೆ ಏನ ಹಚ್ತೀರಿ' ಅಂತ ಕೇಳ್ರಿ. ನಮ್ಮವ್ವ ದಿನಾ ನಾಕ ಸಲ ಹಚ್ತಾಳ. ಪುಡಿ ತಂದ ಕೊಡಾಕಿ ನಾನ!"

ನಗು. ಶ್ರೇಣಿಕ ಮಾತ್ರ ನಗಲಿಲ್ಲ. "ನಿಮ್ಮವ್ವನ ಬಾಯಿ ನೋಡೀರೇನ್ರಿ?"

ಇಲ್ಲ, ಎಂದೆ.

ಸಂಜೆ, ಕಬನೂರದ ಮನೆ. ಅವ್ವ ನೂಲು ಸುತ್ತುವ ಕೆಲಸ ಮುಗಿಸಿ ಬಂದಳು. ಊಟಕ್ಕೆ ಕೂತಾಗ ಮೊದಲ ಸಲ ಸರಿಯಾಗಿ ನೋಡಿದೆ. ರೊಟ್ಟಿಯನ್ನು ಎಡಗಡೆಯಷ್ಟೇ ಅಗಿಯುತ್ತಾಳೆ. ಯುಗಾದಿಯಿಂದಲೂ ಹಾಗೆಯೇ ಅಲ್ಲವೇ? ಹಲ್ಲುನೋವು ಅಂದುಕೊಂಡಿದ್ದೆ.

"ಅವ್ವಾ, ಬಾಯಿ ತಗಿ."

"ಹಲ್ಲ ತೋರ್ಸಾಕ ನಾ ಏನ ಬಾಜಾರಿಗೆ ಬಂದ ಎಮ್ಮಿ ಏನ?"

ತೆಗೆಯಲಿಲ್ಲ.

ಜೂನ್ 20

ಅವ್ವ ಡಬ್ಬಿ ಖಾಲಿ ಅಂದಳು. ಮಿಶ್ರಿ ಹಚ್ಚದಿದ್ದರೆ ತಲೆ ಸಿಡಿಯುತ್ತದೆ ಅಂದಳು. ಕೂಗಾಡಿದೆ. ಆಮೇಲೆ ಹೋಗಿ ತಂದುಕೊಟ್ಟೆ. ಹೌದು, ತಂದುಕೊಟ್ಟೆ.

ಜುಲೈ 14, ಭಾನುವಾರ. ಗಡಹಿಂಗ್ಲಜ

ಇಷ್ಟು ದಿನ ಬರೆಯಲಿಲ್ಲ. ಜಗಳದಲ್ಲೇ ಹೋಯಿತು. ಅವ್ವ ದವಾಖಾನೆಗೆ ಬರಲೊಲ್ಲೆ ಅಂದಳು. ಕೊನೆಗೆ ಅವಳ ತಂಗಿ ರತ್ನಮಾಲಾ ಮಾವಶಿಯ ಮನೆಗೆ ಎಂದು ಇಲ್ಲಿಗೆ ಕರೆತಂದೆ. ಪಕ್ಕದ ಶಾಲೆಯಲ್ಲಿ ನಮ್ಮ ಡಾಕ್ಟರರ ಕ್ಯಾಂಪ್. ಗೊತ್ತಿದ್ದೇ ಕರೆತಂದೆ. ದಾರಿಯಲ್ಲಿ ಅದನ್ನೂ ಹೇಳಿಬಿಟ್ಟೆ. ಅವ್ವ ಎದ್ದು ಬಸ್ಸಿನ ಮುಂದಿನ ಸೀಟಿಗೆ ಹೋಗಿ ಕೂತಳು.

ಮೊದಲು ನೋಡಿದ ಡಾಕ್ಟರ್ ಅವ್ವನನ್ನು ಕೇಳಿದ — ತಂಬಾಕು? "ಛೀ, ಇಲ್ರಿ!" ಅವನು ಬರೆದುಕೊಂಡ. ಶ್ರೇಣಿಕ ಕಾಗದ ಇಸಿದುಕೊಂಡ.

"ಅವ್ವಾರ, ಹಲ್ಲಿಗೆ ಏನ ಹಚ್ತೀರಿ?"

"ಮಿಶ್ರಿರಿ."

"ಎಲ್ಲಿ ಭಾಳ ಹಚ್ತೀರಿ?"

"ಹುಣ್ಣ ಆಗೇತಲ್ರಿ, ಅದರ ಮ್ಯಾಲ. ಹಚ್ಚಿದ ಕೂಡ್ಲೆ ನೋವ ಕಡಿಮಿ ಆಗತೈತಿ."

ಹುಣ್ಣಿನ ಮೇಲೇ. ನಾನು ತಂದುಕೊಟ್ಟ ಪುಡಿ.

ಅವನ ಮುಂದೆ ಬಾಯಿ ತೆರೆದಳು. ಬ್ಯಾಟರಿ ಬೆಳಕಿನಲ್ಲಿ ನಾನೂ ನೋಡಿದೆ. ಬಲಗೆನ್ನೆಯ ಒಳಗೆ, ಬೆಳ್ಳಗೆ, ಅಂಚು ಎದ್ದಿದೆ. ಪಾಠದಲ್ಲಿ ಪರದೆಯ ಮೇಲೆ ಇಂಥದೇ ತೋರಿಸಿದ್ದರು... ಆಗ ಚಹಾ ಕುಡಿಯುತ್ತಿದ್ದೆ.

ನಾಳೆ ಕೊಲ್ಹಾಪುರದಲ್ಲಿ ತುಣುಕು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.

ಜುಲೈ 17

ಮೇಡಂ ಇಂದು ಬರಬೇಡ ಅಂದಿದ್ದರು. ಹೋದೆ. ಮನೆಯಲ್ಲಿ ಕೂರಲಾಗಲಿಲ್ಲ. ನಟಿಸಲೂ ಆಗಲಿಲ್ಲ. ಯಾರಿಗೂ ಮಾರ್ಕ್ಸ್ ಇಲ್ಲ.

ಮಾವಶಿಯ ಫೋನ್ — "ಏನ ಬಂದ್ರೂ ಅಕ್ಕಗ ಹೇಳಬ್ಯಾಡವಾ. ಎದಿ ಒಡಕೊಂತಾಳ."

ಕಾರಿಡಾರಿನಲ್ಲಿ ಶ್ರೇಣಿಕನನ್ನು ತಡೆದೆ. "ಡಾಕ್ಟರ್, ರಿಪೋರ್ಟ್ ಕೆಟ್ಟ ಬಂದ್ರ ನನಗಷ್ಟ ಹೇಳ್ರಿ. ಅವ್ವನ್ನ ಹೊರಗ ಕುಂಡ್ರಸ್ತೇನಿ."

"ಬೋರ್ಡ್ ಮ್ಯಾಲಿನ ಮೂರ ಕುರ್ಚಿ ಅಳಸಲೇನ್ರಿ?"

ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟೆ. ಬೇರೆಯವರ ಅವ್ವನ ಬಗ್ಗೆ ಸತ್ಯ ಹೇಳುವುದು ಎಷ್ಟು ಸುಲಭವಿತ್ತು.

ಜುಲೈ 24, ಬೆಳಿಗ್ಗೆ 10:40. ಆಸ್ಪತ್ರೆ

ರಿಪೋರ್ಟ್ ಬಂದಿದೆಯಂತೆ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಅವ್ವ. ಹೊಸ ಇಳಕಲ್ ಸೀರೆ ಉಟ್ಟಿದ್ದಾಳೆ. ಏನು ಬರೆಯುತ್ತೀ ಎಂದಳು. ನಿನ್ನ ಬಗ್ಗೆ, ಎಂದೆ. "ಚಲೋ ಬರಿ ಮತ್ತ," ಎಂದು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು.

ಗಾಜಿನ ಆಚೆ ಶ್ರೇಣಿಕ ಕಾಣುತ್ತಾನೆ. ಕೈಯಲ್ಲಿ ಲಕೋಟೆ. ಬಾಗಿಲವರೆಗೆ ಬಂದ. ಅಲ್ಲಿಂದಲೇ ಒದರು, ಮಾರಾಯ. ನಿಂತೇ ಹೇಳು.

ತಿರುಗಿ ಹೋದ. ಮೊಬೈಲ್ ಬಂದ್ ಮಾಡಿ ಕಪಾಟಿನಲ್ಲಿ ಇಡುತ್ತಿದ್ದಾನೆ.

ಕುರ್ಚಿ ಎಳೆದ. ಒಂದು. ಇನ್ನೊಂದು.

ಗೋಡೆಯ ಹತ್ತಿರ ಹೋಗಿ ಮೂರನೆಯದನ್ನು ತರುತ್ತಿದ್ದಾನೆ. ಎತ್ತಿಕೊಂಡು, ಸಪ್ಪಳವಾಗದಂತೆ...

ಅವ್ವ ಎದ್ದು ನಿಂತಳು. "ನಡಿಯವಾ, ಕರಿಯಾಕತ್ತಾರ," ಎಂದು ನನ್ನ ಕೈ ಹಿಡಿ—