ಕೊನೆಗೆ ಬಂದವನ ತಟ್ಟೆ

ಕೆ. ಹೊಸಕೋಟೆ
21 ನವೆಂಬರ್ 2024, ಗುರುವಾರ

ಪ್ರೀತಿಯ ಕ್ಸೇವಿಯರಣ್ಣನಿಗೆ ನಿಮ್ಮ ಯೋಗಾನಂದನ ನಮಸ್ಕಾರಗಳು. ಲೂಯಿಜಕ್ಕನಿಗೂ ತಿಳಿಸಿ.

ಇಷ್ಟು ದಿನ ಬರೆಯದೆ ಇದ್ದುದಕ್ಕೆ ಬೈಯಬೇಡಿ. ಬರೆಯಲು ಕೂರುತ್ತೇನೆ, ಏಳುತ್ತೇನೆ, ಒಲೆಯ ಮೇಲಿನ ಹಾಲು ನೋಡಿ ಬರುತ್ತೇನೆ. ಮತ್ತೆ ಬಂದು ಕೂತರೆ ಬರೆದದ್ದೆಲ್ಲ ರೇಡಿಯೋದಲ್ಲಿ ಓದುವ ಹಾಗೆ ಕಾಣುತ್ತದೆ, ಹರಿದು ಹಾಕುತ್ತೇನೆ. ಫೋನ್ ಮಾಡಬಹುದಿತ್ತು. ಆದರೆ ಗಂಟಲಿನ ಆಪರೇಷನ್ ಆದ ಮೇಲೆ ನಿಮಗೆ ದನಿಯಿಲ್ಲ, ಅಲ್ಲೂ ನಾನೊಬ್ಬನೇ ಒದರುತ್ತಿರಬೇಕಾಗುತ್ತದೆ. ಹೋದ ಸಲ ಎಡವಟ್ಟಾಗಿದ್ದೇ ಅದರಿಂದ. ಕಾಗದವಾದರೆ ಸಾಕೆನಿಸಿದಾಗ ಮಡಚಿಡಬಹುದು ನೋಡಿ.

ಇಲ್ಲಿ ಕಾಫಿ ಕುಯ್ಲು ಶುರುವಾಗಿದೆ. ಮೊನ್ನೆ ಆಲೂರಿನ ದಾರಿಯಲ್ಲಿ ಆನೆ ಅಡ್ಡ ನಿಂತು ಬಸ್ಸು ಅರ್ಧ ಗಂಟೆ ಅಲ್ಲಾಡಲಿಲ್ಲ. ಎಲ್ಲರೂ ಆನೆಯ ಫೋಟೋ ತೆಗೆಯುತ್ತಿದ್ದರು, ನಾನು ಮಾತ್ರ ಬಸ್ಸಿನೊಳಗೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿದ್ದೆ. ಕಂಡಕ್ಟರ್ ಬೇಸತ್ತು ಕೂತ್ಕೊಳ್ಳಿ ಅಂದ. ನಮ್ಮ ರೇಡಿಯೋ ಸ್ಟುಡಿಯೋದಲ್ಲೂ ಇದೇ ಕತೆ. ಮಂಗಳವಾರ ಬೆಳಿಗ್ಗೆ ಕೇಳುಗರಿಗೆಲ್ಲ ಶುಭ ಸೋಮವಾರ ಹೇಳಿಬಿಟ್ಟೆ. ಗಾಜಿನಾಚೆ ನಮ್ಮ ರೆಕಾರ್ಡಿಂಗ್ ಹುಡುಗಿ ಗಗನಾ ತಲೆ ಚಚ್ಚಿಕೊಂಡಳು.

ಅದೇ ದಿನ ಫೋನಿನಲ್ಲಿ ಮಾರನಹಳ್ಳಿಯ ಜವರಯ್ಯ ಸಿಕ್ಕಿದರು. ಹಾಡು ಕೇಳುವವರು ಹಾಡು ಕೇಳಬೇಕಪ್ಪ, ಅವರು ನಿಮ್ಮನ್ನು ಕೇಳಿದರು.

"ಸಾರ್, ನಮ್ ಗೋಲ್‌ಕೀಪರ್ ಕ್ಸೇವಿಯರಣ್ಣ ಹೆಂಗವ್ರೆ? ನೀವು ವಾರ್ವಾರ ಅವ್ರ ಮನೇಲಿ ಉಣ್ಣೋರು, ನಿಮ್ಗೆ ಗೊತ್ತಿರ್ತೈತಲ್ಲ."

ಆರಾಮಾಗಿದ್ದಾರೆ ಎಂದೆ. ತಕ್ಷಣ ಯಾವುದೋ ಹಾಡು ಹಾಕಿ ಹೊರಗೆ ಬಂದು ನಿಂತೆ. ನೀವು ಹೇಗಿದ್ದೀರಿ ಎಂದು ನನಗೆ ಗೊತ್ತಿಲ್ಲ ಅಣ್ಣ. ಅದನ್ನು ಊರಿಗೆಲ್ಲ ಕೇಳುವ ಹಾಗೆ ಹೇಳುವುದು ಹೇಗೆ?

ನಿಮ್ಮ ಮನೆಗೆ ಮೊದಲ ಸಲ ಬಂದದ್ದು ನೆನಪಿದೆಯೇ? ಇಂಡಿಯಾ ಹಾಕಿ ಟೀಮಿನ ಗೋಲಿನ ಮುಂದೆ ನಿಂತವರು ಹೆಗ್ಗದ್ದೆ ಊರಿನಲ್ಲಿ ಕಾಫಿ ಒಣಗಿಸುತ್ತಿದ್ದಾರೆಂದು ಗೊತ್ತಾಗಿ, ರೆಕಾರ್ಡರ್ ಹೊತ್ತುಕೊಂಡು ಬಂದಿದ್ದೆ. ನೀವು ನನ್ನ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಮೊದಲು ಊಟ ಎಂದಿರಿ. ಲೂಯಿಜಕ್ಕ ಕಡುಬು, ಹಂದಿ ಮಾಂಸದ ಸಾರು ತಂದಿಟ್ಟರು. ನಾನು ತಟ್ಟೆಯ ಅಂಚು ಸವರುತ್ತ ಕೂತೆ. ನಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲ ಎಂದು ಬಾಯಿ ಬಿಡುವಷ್ಟರಲ್ಲಿ ನೀವು ಆ ಪಾತ್ರೆಯನ್ನೇ ಎತ್ತಿ ಒಳಗಿಟ್ಟು ಬಂದಿರಿ. ಬೆಳಗ್ಗಿನಿಂದ ಬೇಯಿಸಿದ್ದು ಎಂದು ಲೂಯಿಜಕ್ಕ ಗೊಣಗಿದರು. ನನಗೋ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನೀವು ಉಣ್ಣಿ, ನನ್ನದೇನಿದೆ ಎಂದೆ.

"ಒಂದೇ ಟೇಬಲ್‌ಗೆ ಕೂತ್ಮೇಲೆ ಒಂದೇ ಊಟ ಕಣೋ ಮಾರಾಯ," ಎಂದಿರಿ.

ಇಬ್ಬರೂ ಕಡುಬಿಗೆ ಕಾಯಿ ಚಟ್ನಿ ಹಚ್ಚಿಕೊಂಡು ತಿಂದೆವು. ಆಗಲೇ ನೀವು ಆ ಪ್ಯಾಡಿನ ಕತೆ ಹೇಳಿದ್ದು. ಆಟ ಮುಗಿದ ಮೇಲೆ ಉಳಿದವರೆಲ್ಲ ಬೂಟು ಬಿಚ್ಚಿ ಊಟಕ್ಕೆ ಓಡುತ್ತಿದ್ದರು, ಗೋಲ್‌ಕೀಪರ್ ಮಾತ್ರ ಕಾಲಿನ ಪ್ಯಾಡು, ಎದೆಯ ಪ್ಯಾಡು ಒಂದೊಂದೇ ಪಟ್ಟಿ ಬಿಚ್ಚುತ್ತ ಕೂತಿರಬೇಕು. ನೀವು ಹೋಗುವ ಹೊತ್ತಿಗೆ ಬೆಂಚು ಖಾಲಿ, ಪಾತ್ರೆಯ ತಳದಲ್ಲಿ ಸೀದ ಅನ್ನ. ಎಷ್ಟೋ ಗೆದ್ದ ದಿನವೂ ಒಬ್ಬರೇ ಕೂತು ಉಂಡಿರಂತೆ. ಅದಕ್ಕೇ ನಿಮ್ಮ ಮನೆಯಲ್ಲಿ ಆ ನಿಯಮ, ಕೊನೆಯವನು ಬಂದು ಕೂರುವ ತನಕ ಯಾರೂ ತಟ್ಟೆಗೆ ಕೈ ಹಾಕುವ ಹಾಗಿಲ್ಲ. ನನ್ನ ಬಸ್ಸು ತಡವಾದ ಭಾನುವಾರಗಳಲ್ಲಿ ನೀವು ಆರಿದ ರೊಟ್ಟಿ ಮುಂದಿಟ್ಟುಕೊಂಡು ಕಾದಿದ್ದೀರಿ. ಭಾನುವಾರದ ಮಾಂಸ ಹೋಯಿತೆಂದು ಲೂಯಿಜಕ್ಕ ನನ್ನನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ. ಕಳಲೆ ಪಲ್ಯದಲ್ಲಿ ಒಂದು ಸೌಟು ಹೆಚ್ಚಿಗೆ ಬಡಿಸುವವರೂ ಅವರೇ.

ಇನ್ನು ಹೋದ ತಿಂಗಳ ಆ ಭಾನುವಾರ. ಡಾಕ್ಟರು ಗಂಜಿ ಕುಡಿಯಬಹುದು ಎಂದಿದ್ದರು, ನೀವು ಒಂದೊಂದು ಚಮಚವನ್ನೂ ಕಣ್ಣು ಮುಚ್ಚಿ ನುಂಗುತ್ತಿದ್ದಿರಿ. ಮನೆಯಲ್ಲಿ ಒಂದು ಸದ್ದಿಲ್ಲ. ರೇಡಿಯೋದವನಿಗೆ ಸದ್ದಿಲ್ಲದಿರುವುದೆಂದರೆ ಏನೋ ಕೆಟ್ಟು ನಿಂತಿದೆ ಎಂದೇ ಅರ್ಥ. ಕೂಡಲೇ ಏನನ್ನಾದರೂ ತುಂಬಿಸಬೇಕು. ಆನೆ ಅಂದೆ, ಕಾಫಿ ರೇಟು ಅಂದೆ. ಅದೂ ಸಾಲದೆಂದು, ನಗಿಸೋಣವೆಂದು, ಚಮಚ ಬಟ್ಟಲಿನಿಂದ ಹೊರಟಿದ್ದಕ್ಕೆ, ತುಟಿ ದಾಟಿದ್ದಕ್ಕೆ ಹಾಕಿ ಆಟದ ಕಾಮೆಂಟರಿ ಶುರು ಮಾಡಿದೆ. ನಿಮಗೆ ಕೆಮ್ಮು ಬಂತು. ಗಂಜಿ ನನ್ನ ಅಂಗಿಗೆ ಸಿಡಿಯಿತು. ನೀವು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿರಿ.

ಲೂಯಿಜಕ್ಕ ಗೇಟಿನ ತನಕ ಬಂದರು. "ನಿಮ್ ಮುಂದೆ ಹಿಂಗೆ ಉಣ್ಣಲ್ಲ ಅಂತವ್ರೆ. ಸ್ವಲ್ಪ ದಿನ ಬರ್ಬೇಡಿ ಕಣ್ರೀ," ಎಂದರು. ಈಗ ನೀವು ಅವರ ಜೊತೆಗೂ ಕೂರುವುದಿಲ್ಲವಂತೆ, ಬಟ್ಟಲನ್ನು ಕೋಣೆಗೇ ತರಿಸಿಕೊಳ್ಳುತ್ತೀರಂತೆ. ಇದು ಕೇಳಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಸಿಟ್ಟೂ ಬಂದಿದೆ. ಯಾರೂ ಒಬ್ಬರೇ ಉಣ್ಣಬಾರದೆಂದು ಊರಿಗೆಲ್ಲ ಕಾದವರು ನೀವೇ ಹೀಗೆ ಮಾಡಿದರೆ ಹೇಗೆ?

ಈ ಭಾನುವಾರ ಬರುತ್ತೇನೆ. ರೊಟ್ಟಿ ಬೇಡ, ಕಡುಬು ಬೇಡ. ಲೂಯಿಜಕ್ಕ ಅದೇ ಗಂಜಿಯನ್ನು ಮೂರು ಬಟ್ಟಲಿಗೆ ಹಾಕಲಿ. ನನಗಾಗಿ ನೀವು ಮಾಂಸದ ಪಾತ್ರೆ ಎತ್ತಿಟ್ಟಿರಿ, ನಾನು ರೊಟ್ಟಿ ಬಿಟ್ಟರೆ ಗಂಟೇನು ಹೋಗುವುದಿಲ್ಲ. ನಿಮ್ಮ ಬಟ್ಟಲು ಮುಗಿಯಲು ಎಷ್ಟು ಹೊತ್ತಾಗುತ್ತದೋ ನನ್ನದಕ್ಕೂ ಅಷ್ಟೇ ಹೊತ್ತು. ಕೆಮ್ಮು ಬಂದರೆ ಬರಲಿ, ಅಂಗಿ ಒಗೆದರೆ ಹೋಗುತ್ತದೆ. ಮತ್ತೆ, ನಾನು ಮಾತಾಡುವುದಿಲ್ಲ. ನಗಬೇಡಿ, ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೇನೆ.

ಬೇಡವೆನಿಸಿದರೆ ಗೇಟಿನ ಚಿಲಕ ಹಾಕಿಸಿ. ಕೂಗದೆ ವಾಪಸ್ ಬಸ್ಸು ಹತ್ತಿ ಹೋಗುತ್ತೇನೆ. ತೆರೆದಿದ್ದರೆ ಒಳಗೆ ಬಂದು ಟೇಬಲ್ಲಿನ ಹತ್ತಿರ ಕಾಯುತ್ತೇನೆ. ನೀವು ನಿಧಾನವಾಗಿ ಪ್ಯಾಡು ಬಿಚ್ಚಿಕೊಂಡು ಬನ್ನಿ.

ನಿಮ್ಮ ದೇವರೂ ನಮ್ಮ ದೇವರೂ ಸೇರಿ ನಿಮ್ಮನ್ನು ಚೆನ್ನಾಗಿಟ್ಟಿರಲಿ. ಲೂಯಿಜಕ್ಕನ ಮಂಡಿನೋವು ಕಡಿಮೆಯಾಗಲಿ.

ಇಂತಿ ನಿಮ್ಮ ತಮ್ಮ,
ಯೋಗಾನಂದ

ತಾ.ಕ.: ನನ್ನಾಕೆ ಶಿವಲೀಲಾ ತೀರಿಕೊಂಡ ಮೇಲೆ ಊಟಕ್ಕೆ ಏನು ಮಾಡ್ತೀಯ ಎಂದು ನೀವಿಬ್ಬರೂ ಕೇಳಿದಾಗಲೆಲ್ಲ, ಅನ್ನ ಸಾರು ಮಾಡಿಕೊಳ್ಳುತ್ತೇನೆ ಎಂದಿದ್ದೇನೆ. ಮಾಡಿಕೊಳ್ಳುವುದು ನಿಜ. ಆದರೆ ಅವಳಿಲ್ಲದ ಮನೆಯಲ್ಲಿ ತಟ್ಟೆ ಇಟ್ಟುಕೊಂಡು ಕೂರಲು ನನ್ನಿಂದ ಆಗುವುದಿಲ್ಲ. ಒಲೆಯ ಪಕ್ಕ ನಿಂತು ಪಾತ್ರೆಯಿಂದಲೇ ತಿಂದು ಮುಗಿಸುತ್ತೇನೆ. ವಾರಕ್ಕೆ ಒಂದೇ ಊಟ ಕೂತು ಉಣ್ಣುತ್ತಿದ್ದೆ, ಅದು ನಿಮ್ಮ ಮನೆಯದು. ನೀವು ಬಾಗಿಲು ಹಾಕಿಕೊಂಡ ದಿನದಿಂದ ನಾನು ಕೂತು ಉಂಡಿಲ್ಲ ಅಣ್ಣ.